ಗುಟ್ಟಿನ ಪೆಟ್ಟಿಗೆ: ಕ್ರೂಸ್ ಪ್ರಯಾಣದಲ್ಲಿ ಮೂತ್ರ ಸೋರಿಕೆಯ ನಿರ್ವಹಣೆ

ಮೂತ್ರದ ಮೇಲಿನ ಹಿಡಿತ ತಪ್ಪಿದವರು ವಿಹಾರ ನೌಕೆಯಲ್ಲಿ, ಅಂದರೆ ಎಲ್ಲರ ಬಾಯಲ್ಲೂ ಈಗ ಕ್ರೂಸ್ ಎನಿಸಿಕೊಂಡಿರುವ ಹಡಗಿನಲ್ಲಿ, ಪ್ರಯಾಣ ಮಾಡುವಾಗ ಏನೇನು ಎಚ್ಚರ ವಹಿಸಬೇಕೆಂಬ ಬಗೆಗೆ ಒಂದು ರೂಢಿಯ ಉಪದೇಶ ಬೆಳೆದುಬಂದಿದೆ. ಸಾಕಷ್ಟು ಪ್ಯಾಡ್ ಮತ್ತು ಡೈಪರುಗಳನ್ನು ಒಯ್ಯುವುದು, ನೀರು ಕುಡಿಯುವುದನ್ನು ಮಿತಗೊಳಿಸುವುದು, ಗಡಿಯಾರ ನೋಡಿ ಶೌಚಾಲಯಕ್ಕೆ ಹೋಗುವುದು, ಒದ್ದೆ ಕಾಣದ ಗಾಢ ಬಣ್ಣದ ಉಡುಪು ತೊಡುವುದು ಇದರ ಮುಖ್ಯ ಅಂಗಗಳಾಗಿದ್ದು, ಇವೆಲ್ಲವನ್ನೂ ಒಟ್ಟಿಗೆ ಹಿಡಿದಿರುವ ಸೂತ್ರವೆಂದರೆ ಸಂಗತಿ ಯಾರಿಗೂ ತಿಳಿಯಬಾರದು ಎಂಬುದು. ಈ ಉಪದೇಶವು ಸಾಮಗ್ರಿಯ ಲೆಕ್ಕದಲ್ಲಿ ಗಟ್ಟಿಯಾಗಿದ್ದರೂ ಗುಟ್ಟನ್ನೇ ಗುರಿಯಾಗಿಸಿಕೊಂಡಿರುವುದರಿಂದ, ಗುಟ್ಟು ಉಳಿಯಲು ಆಸ್ಪದವೇ ಇಲ್ಲದ ಹಡಗಿನ ವ್ಯವಸ್ಥೆಯ ಎದುರು ಹಲವೆಡೆ ಕೈಕೊಡುತ್ತದೆ.

ಇಲ್ಲಿ ಮಾತಿಗೆ ಬಂದಿರುವ ತೊಂದರೆಯನ್ನು ವೈದ್ಯರು ಇನ್‌ಕಾಂಟಿನೆನ್ಸ್ ಎನ್ನುತ್ತಾರೆ. ಇಚ್ಛೆಯಿಲ್ಲದೆ ಮೂತ್ರ ಸೋರಿಹೋಗುವುದು ಎಂದು ಇದರ ಅರ್ಥ. 1971ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ ನೀಡಿದ ವ್ಯಾಖ್ಯೆಯ ತಿರುಳೂ ಇದೇ. ಕೆಮ್ಮಿದಾಗ, ಸೀನಿದಾಗ, ಮೆಟ್ಟಿಲು ಇಳಿಯುವಾಗ ಹನಿಯುವುದು ಒತ್ತಡದ ಸೋರಿಕೆ. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ ಹುಟ್ಟಿ ಶೌಚಾಲಯ ಮುಟ್ಟುವ ಮೊದಲೇ ಬಟ್ಟೆ ಒದ್ದೆಯಾಗುವುದು ಅವಸರದ ಸೋರಿಕೆ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಮಿತಿಮೀರಿ ತುಂಬಿ ಹೊರಚೆಲ್ಲುವುದು ತುಳುಕು ಸೋರಿಕೆ. ಮೂತ್ರಕೋಶ ಸರಿಯಾಗಿದ್ದರೂ ಮಂಡಿನೋವು, ಮಂದ ದೃಷ್ಟಿ ಅಥವಾ ಮರೆವಿನಿಂದಾಗಿ ಸಮಯಕ್ಕೆ ತಲುಪಲಾಗದಿರುವುದು ನಾಲ್ಕನೆಯ ಬಗೆ. ಹಡಗು ಈ ನಾಲ್ವರನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಅವಸರದವರಿಗೆ ಉದ್ದನೆಯ ಓಣಿಗಳೂ ಲಿಫ್ಟಿಗಾಗಿ ಕಾಯುವ ನಿಮಿಷಗಳೂ ಶತ್ರುವಾದರೆ, ನಡಿಗೆ ಕುಂದಿದವರಿಗೆ ಇಕ್ಕಟ್ಟಾದ ಸ್ನಾನಗೃಹದ ಎತ್ತರದ ಹೊಸ್ತಿಲು, ಅದರಲ್ಲೂ ಹಡಗು ಹೊಯ್ದಾಡುವ ರಾತ್ರಿಯ ಕತ್ತಲಲ್ಲಿ, ಬಿದ್ದು ಮೂಳೆ ಮುರಿದುಕೊಳ್ಳುವ ಜಾಗವಾಗುತ್ತದೆ. ರೂಢಿಯ ಉಪದೇಶ ಈ ಭೇದವನ್ನು ಗಮನಿಸದೆ ಎಲ್ಲರ ಕೈಗೂ ಒಂದೇ ಪಟ್ಟಿಯನ್ನು ಕೊಡುತ್ತದೆ.

ಆ ಪಟ್ಟಿಯ ಗಟ್ಟಿಯಾದ ಭಾಗವನ್ನು ಮೊದಲು ಒಪ್ಪಿಕೊಳ್ಳಬೇಕು. ಹಡಗಿನ ಅಂಗಡಿಯಲ್ಲಿ ದೊಡ್ಡವರ ಡೈಪರ್ ಸಿಕ್ಕೀತೆಂದು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ದಿನಕ್ಕೆ 5 ಪ್ಯಾಡ್ ಬಳಸುವವರು 7 ದಿನದ ಪ್ರಯಾಣಕ್ಕೆ 35ಕ್ಕೆ ನಿಲ್ಲದೆ 50ರ ಹತ್ತಿರ ಒಯ್ಯಬೇಕೆಂಬ ಲೆಕ್ಕ ಸರಿಯಾಗಿಯೇ ಇದೆ. ಅನುಭವದಿಂದ ಬಂದ ಇನ್ನೊಂದು ಸೂಕ್ಷ್ಮವೂ ಇದರಲ್ಲಿದೆ: ಹತ್ತುವ ದಿನ ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕೋಣೆಗೆ ತಲುಪುವಾಗ ಸಂಜೆಯಾಗಬಹುದು, ಇಳಿಯುವ ಹಿಂದಿನ ರಾತ್ರಿ ಅವೇ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡಬೇಕಾಗುತ್ತದೆ, ಆದ್ದರಿಂದ ಪ್ರಯಾಣದ ಎರಡೂ ತುದಿಗಳಲ್ಲಿ ಒಂದೊಂದು ದಿನಕ್ಕೆ ಬೇಕಾದಷ್ಟು ಪ್ಯಾಡ್, ಒಂದು ಜೊತೆ ಒಳಉಡುಪು ಮತ್ತು ಮಾತ್ರೆಗಳು ಕೈಚೀಲದಲ್ಲೇ ಇರಬೇಕು. ಇಷ್ಟು ನಿಖರವಾದ ಪಟ್ಟಿ ಆರಂಭವಾಗುವುದು ಮಾತ್ರ ಪೆಟ್ಟಿಗೆ ತುಂಬುವ ವಾರದಲ್ಲಿ ಎಂಬುದು ಅದರ ಕೊರತೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ, ಮೂತ್ರಕೋಶವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವು ಒತ್ತಡದ ಸೋರಿಕೆಗೆ ಇಂದಿಗೂ ಮೊದಲ ಚಿಕಿತ್ಸೆಯಾಗಿದ್ದು, ಫಲ ಕಾಣಲು ಸುಮಾರು ಮೂರು ತಿಂಗಳು ಬೇಕಾಗುವುದರಿಂದ, ಸಿದ್ಧತೆ ಆರಂಭವಾಗಬೇಕಾದದ್ದು ಟಿಕೆಟ್ ತೆಗೆಸಿದ ದಿನವೇ.

ನೀರಿನ ವಿಷಯದಲ್ಲಿ ಉಪದೇಶ ತಪ್ಪು ದಾರಿಯನ್ನೇ ಹಿಡಿಯುತ್ತದೆ. ಕುಡಿಯುವುದನ್ನು ಕಡಿಮೆ ಮಾಡಿದರೆ ಸೋರುವುದೂ ಕಡಿಮೆಯಾದೀತೆಂಬ ಲೆಕ್ಕ ಮೇಲ್ನೋಟಕ್ಕೆ ಸಹಜವೆನಿಸಿದರೂ, ನೀರು ಕಡಿಮೆಯಾದಾಗ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಹೆಚ್ಚಿ ತುಂಬಿದ ಕರುಳು ಅದನ್ನೇ ಒತ್ತುತ್ತದೆ, ಉಷ್ಣವಲಯದ ಬಿಸಿಲಿನಲ್ಲಿ ವೃದ್ಧರಿಗೆ ತಲೆಸುತ್ತು ಬರುತ್ತದೆ. ಹಗಲಿನಲ್ಲಿ ನೀರನ್ನು ಸಮನಾಗಿ ಹಂಚಿಕೊಂಡು ಕುಡಿದು, ಮಲಗುವ ಎರಡು ಮೂರು ಗಂಟೆ ಮುಂಚೆ ನಿಲ್ಲಿಸುವುದು, ಕಾಫಿ ಮತ್ತು ಮದ್ಯವನ್ನು ಮಿತಗೊಳಿಸುವುದು, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರು ಅದರ ಸಮಯವನ್ನು ವೈದ್ಯರೊಡನೆ ಮಾತಾಡಿ ಹೊಂದಿಸಿಕೊಳ್ಳುವುದು ಇದಕ್ಕಿಂತ ಫಲಕಾರಿ.

ಗುಟ್ಟಿನ ಸೂತ್ರ ನಿಜವಾಗಿ ಹರಿದುಹೋಗುವುದು ಶೌಚಾಲಯದಲ್ಲಿ. ಮನೆಯ ಕಮೋಡ್ ಹಲವು ಲೀಟರ್ ನೀರಿನ ಭಾರದಿಂದ ಕೆಲಸ ಮಾಡಿದರೆ, ಹಡಗಿನ ಕಮೋಡ್ ನಿರ್ವಾತದ ಸೆಳೆತದಿಂದ, ಅಂದರೆ ಕೊಳವೆಯೊಳಗಿನ ಗಾಳಿಯನ್ನು ಹೀರಿ ಹುಟ್ಟಿಸಿದ ಎಳೆತದಿಂದ, ಸುಮಾರು ಒಂದು ಲೀಟರ್ ನೀರಿನಲ್ಲೇ ಕೆಲಸ ಮುಗಿಸುತ್ತದೆ. ಅದರ ಕೊಳವೆ ಕಿರಿದು, ಒಂದೇ ಸಾಲಿಗೆ ಹಲವು ಕೋಣೆಗಳು ಸೇರಿರುತ್ತವೆ. ಪ್ಯಾಡಿನೊಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ತನ್ನ ತೂಕದ ಹಲವು ಪಟ್ಟು ದ್ರವವನ್ನು ಹೀರಿ ಲೋಳೆಯಂತೆ ಉಬ್ಬುವುದರಿಂದಲೇ ಪ್ಯಾಡ್ ಉಪಯೋಗಕ್ಕೆ ಬರುವುದು, ಅದೇ ಗುಣದಿಂದಲೇ ಅದು ಕೊಳವೆಯನ್ನು ಬಿಗಿಯುವುದು. ಒಬ್ಬರು ನಾಚಿಕೆಯಿಂದ ಒಳಗೆ ಹಾಕಿದ ಒಂದು ಪ್ಯಾಡಿನಿಂದ ಅಕ್ಕಪಕ್ಕದ ಕೋಣೆಗಳ ಶೌಚಾಲಯವೂ ಕಟ್ಟಿಕೊಳ್ಳುತ್ತದೆ. ನೌಕೆಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ, 1988ರ ಕೊನೆಯಲ್ಲಿ ಜಾರಿಗೆ ಬಂದ ಐದನೆಯ ಅನುಬಂಧವು ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವುದನ್ನು ಪೂರ್ತಿ ನಿಷೇಧಿಸಿರುವುದರಿಂದ, ಬಳಸಿದ ಪ್ಯಾಡ್ ಕಸದ ಬುಟ್ಟಿ ಸೇರಿ, ಕೋಣೆ ಶುಚಿ ಮಾಡುವವರ ಕೈಯಿಂದಲೇ ಹೊರಹೋಗಬೇಕು. ಎಂದರೆ, ಹಡಗಿನಲ್ಲಿ ಒಬ್ಬರಿಗಾದರೂ ವಿಷಯ ತಿಳಿದೇ ತಿಳಿಯುತ್ತದೆ. ಮೊದಲ ದಿನವೇ ಅವರಲ್ಲಿ ಮುಚ್ಚಳವಿರುವ ಬುಟ್ಟಿ, ಹೆಚ್ಚುವರಿ ಚೀಲ ಮತ್ತು ಹಾಸಿಗೆಗೆ ನೀರು ಇಳಿಯದ ಹೊದಿಕೆಯನ್ನು ಕೇಳಿ ಪಡೆಯುವುದು ಎರಡು ನಿಮಿಷದ ಮಾತು. ಪಟ್ಟಿಯಲ್ಲಿ ಆ ಮಾತಿಗೆ ಜಾಗವಿಲ್ಲ. ನೀರಿನಿಂದ ತೊಳೆದುಕೊಳ್ಳುವ ರೂಢಿಯ ಭಾರತೀಯ ಪ್ರಯಾಣಿಕರಿಗೆ ಈ ಕೊರತೆ ಇನ್ನೂ ಹೆಚ್ಚು ತಟ್ಟುತ್ತದೆ, ಏಕೆಂದರೆ ಜೆಟ್ ಸ್ಪ್ರೇ ಇಲ್ಲದ ವಿದೇಶಿ ಹಡಗುಗಳಲ್ಲಿ ಅವರು ಒದ್ದೆ ಟಿಶ್ಯೂಗಳ ಮೊರೆಹೋಗುತ್ತಾರೆ, ಅವನ್ನೂ ಕಮೋಡಿಗೆ ಹಾಕುವಂತಿಲ್ಲ.

ಔಷಧದ ವಿಷಯದಲ್ಲಿ ಮೌನ ಇನ್ನೂ ಅಪಾಯಕಾರಿ. ಸಮುದ್ರದ ಹೊಯ್ದಾಟದಿಂದ ಬರುವ ವಾಕರಿಕೆಗೆ ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೈನ್ ಪಟ್ಟಿ, ನಮ್ಮಲ್ಲಿ ಬಸ್ಸು ಹತ್ತುವ ಮುನ್ನ ನುಂಗುವ ಅವೊಮಿನ್ ಮಾತ್ರೆಯ ಪ್ರೊಮೆಥಜಿನ್, ಇವೆರಡೂ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ತಡೆಯುತ್ತವೆ. ಅವಸರದ ಸೋರಿಕೆಗೆ ವೈದ್ಯರು ಬರೆದುಕೊಡುವ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್ ಮಾಡುವ ಕೆಲಸವೂ ಅದೇ. ಒಂದರ ಮೇಲೊಂದು ಬಿದ್ದಾಗ ಬಾಯಿ ಒಣಗುವುದು, ಮಲ ಕಟ್ಟುವುದು ಮಾತ್ರವಲ್ಲದೆ ವೃದ್ಧರಲ್ಲಿ ಬುದ್ಧಿ ಗಲಿಬಿಲಿಗೊಳ್ಳುವುದೂ ಉಂಟು. ಪ್ರಾಸ್ಟೇಟ್ ಗ್ರಂಥಿ ಹಿಗ್ಗಿರುವ ಗಂಡಸರಲ್ಲಿ ಮೂತ್ರ ಕಟ್ಟಿಹೋಗಬಹುದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ತಲೆಕೆಳಗಾಗಿ, ತುಂಬಿದ್ದರಿಂದಲೇ ತುಳುಕುವ ಸೋರಿಕೆಗೆ ಇನ್ನೊಂದು ಡೈಪರ್ ಮದ್ದೆಂದು ಭಾವಿಸುವ ತಪ್ಪಿಗೆ ದಾರಿಯಾಗುತ್ತದೆ. ಪ್ಯಾಡನ್ನು ಎಣಿಸಿ ಮಾತ್ರೆಯನ್ನು ಕೇಳದಿರುವುದು ಈ ಪಟ್ಟಿಯ ಅತಿ ದೊಡ್ಡ ಲೋಪ.

ಲೋಪ ಪ್ರಯಾಣಿಕರ ಕಡೆಗೆ ಮಾತ್ರ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ದಶಕದಲ್ಲಿ ಆರಂಭಿಸಿದ ಹಡಗು ನೈರ್ಮಲ್ಯ ಕಾರ್ಯಕ್ರಮವು ಡೈಪರ್ ತೊಟ್ಟ ಮಕ್ಕಳನ್ನು ಈಜುಕೊಳದಿಂದ ದೂರವಿಡಲು ಹೇಳುತ್ತದೆ. ಹಲವು ಕಂಪನಿಗಳು ಆ ನಿಷೇಧವನ್ನು ಹಿಡಿತ ತಪ್ಪಿದ ದೊಡ್ಡವರಿಗೂ ವಿಸ್ತರಿಸಿವೆ. ಮಲದ ಹಿಡಿತ ತಪ್ಪಿದಲ್ಲಿ ಈ ಕಟ್ಟುನಿಟ್ಟು ನ್ಯಾಯವಾದದ್ದೇ, ಏಕೆಂದರೆ ಮಲದ ಮೂಲಕ ಹರಡುವ ಕೆಲವು ರೋಗಾಣುಗಳು ಕ್ಲೋರಿನ್ ನೀರಿನಲ್ಲೂ ದಿನಗಟ್ಟಲೆ ಬದುಕುತ್ತವೆ, ಈಜುಡುಗೆಯ ಡೈಪರ್ ಅವನ್ನು ಪೂರ್ತಿ ತಡೆಯಲಾರದು. ಕೆಮ್ಮಿದಾಗ ಎರಡು ಹನಿ ಸೋರುವವರನ್ನೂ ಅದೇ ಸಾಲಿಗೆ ಸೇರಿಸಿದರೆ ಮಾತ್ರ ನಿಯಮವೇ ಸುಳ್ಳನ್ನು ಕಲಿಸಿದಂತಾಗುತ್ತದೆ.

ಹಡಗಿನ ಮೇಲೆ ಪ್ರಯಾಣಿಕರ ಶೌಚಾಲಯ ಅವರ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿರುವುದರಿಂದ, ಬಸ್ಸು ವಿಮಾನಗಳಿಗಿಂತ ಕ್ರೂಸ್ ಇವರಿಗೆ ಒಗ್ಗುವ ಪ್ರಯಾಣವೆಂಬ ಮಾತಿನಲ್ಲಿ ನಿಜವಿದೆ. ಕಷ್ಟ ಕಾದಿರುವುದು ದಡದಲ್ಲಿ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರವಾಸಿಗರು ಕೆಲವೇ ಗಂಟೆಗಳ ಬಿಡುವಿನಲ್ಲಿ, 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಡೆಗೂ ಬಸ್ಸಿನಲ್ಲಿ ಸಾಗುತ್ತಾರೆ. ಆ ಹಾದಿಯಲ್ಲಿ ಬಸ್ಸು ಮೊದಲು ಎಲ್ಲಿ ನಿಲ್ಲುತ್ತದೆ, ಅಲ್ಲಿ ಶುಚಿಯಾದ ಶೌಚಾಲಯ ಇದೆಯೇ ಎಂಬ ಪ್ರಶ್ನೆಗೆ ಪ್ರವಾಸ ಮಾರುವವರ ಹೊತ್ತಗೆಯಲ್ಲಿ ಉತ್ತರ ಇರಬೇಕು. ಇಲ್ಲದಾಗ ಪ್ರಯಾಣಿಕರು ಕೇಳಬೇಕು. ಕೇಳಲು ನಾಚಿದವರು ಬಿಸಿಲಲ್ಲಿ ನೀರು ಬಿಟ್ಟು ಕೂರುತ್ತಾರೆ, ಇಲ್ಲವೇ ಬಸದಿಯನ್ನು ನೋಡದೆ ಹಡಗಿನಲ್ಲೇ ಉಳಿಯುತ್ತಾರೆ.

ಆದ್ದರಿಂದ ರೂಢಿಯಲ್ಲಿರುವ ಪಟ್ಟಿಯನ್ನು ತಳ್ಳಿಹಾಕಬೇಕಾಗಿಲ್ಲ, ಅದಕ್ಕೆ ಮೂರು ಸಾಲು ಸೇರಿಸಬೇಕು: ಮೂರು ತಿಂಗಳು ಮುಂಚೆ ವೈದ್ಯರಿಗೆ ಎಲ್ಲ ಮಾತ್ರೆಗಳನ್ನೂ ತೋರಿಸುವುದು, ಮೊದಲ ದಿನ ಕೋಣೆಯ ಸಿಬ್ಬಂದಿಗೆ ಹೇಳುವುದು, ದಡಕ್ಕಿಳಿಯುವ ಮುನ್ನ ದಾರಿಯ ಶೌಚಾಲಯ ವಿಚಾರಿಸುವುದು. ಈ ಮೂರಕ್ಕೂ ಪೆಟ್ಟಿಗೆಯಲ್ಲಿ ಜಾಗ ಬೇಡ, ಬಾಯಿ ತೆರೆದರೆ ಸಾಕು.