ಬಾಡಿಗೆ ಕೋಣೆಯ ಬಾಗಿಲ ಮೇಲಿನ ಹೆಸರು

ಪದವಿ ಮುಗಿಸಿ ಮಹಾನಗರಕ್ಕೆ ಹೋದ ತರುಣನ ಕತೆ ಎಂದೊಡನೆ ನಮ್ಮ ವಿಮರ್ಶಕರ ಕೈಗೆ ಮೊದಲು ಸಿಗುವ ಮಾತು 'ಪರಕೀಯತೆ'. ನವ್ಯದ ಕಾಲದಲ್ಲಿ ಈ ಮಾತು ಬಹಳ ದುಡಿದಿದೆ. ದುಡಿದು ಸವೆದೂ ಹೋಗಿದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹೊಸ ಊರಿನಲ್ಲಿ ನೆಲೆಯೂರುವುದೆಂದರೆ ಕೋಣೆ ಹುಡುಕುವುದು, ಮೆಸ್ಸಿನ ಲೆಕ್ಕ ತೀರಿಸುವುದು, ಕಛೇರಿಯಲ್ಲಿ ತನ್ನ ಹೆಸರನ್ನು ಮೂರು ಸಲ ಬಿಡಿಸಿ ಹೇಳುವುದು. ಆದ್ದರಿಂದ ಇಂಥ ಕೃತಿಗಳನ್ನು ಓದುವಾಗ ನಾನು ಒಂದು ಸಣ್ಣ ವಿಷಯವನ್ನು ಗಮನಿಸುತ್ತೇನೆ: ಇದರಲ್ಲಿ ಯಾರ ಯಾರ ಹೆಸರುಗಳಿವೆ?

ನಮ್ಮ ಈ ವಾರ್ಷಿಕದ ಎರಡೂ ಭಾಷೆಗಳಿಗೆ ಮುಂಬಯಿ ಸಮಾನವಾದ ನಗರ. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣಗೊಳ್ಳುವುದಕ್ಕೆ ಬಹಳ ಮೊದಲೇ ಕನ್ನಡ ಕರಾವಳಿಯವರೂ ಮಲಯಾಳಿಗಳೂ ಬೇರೆ ಬೇರೆ ದಾರಿಗಳಿಂದ ಅಲ್ಲಿಗೆ ತಲುಪಿದ್ದರು. ಆದರೆ ಎರಡು ಸಾಹಿತ್ಯಗಳು ಅಲ್ಲಿ ಕಂಡದ್ದು ಒಂದನ್ನೇ ಅಲ್ಲ.

1970ರಲ್ಲಿ ಬಂದ ಆನಂದ್ ಅವರ 'ಆಳ್‌ಕೂಟ್ಟಂ' ಕಾದಂಬರಿಯ ತರುಣರ ಹೆಸರುಗಳನ್ನು ನೋಡಿ: ಜೋಸೆಫ್, ಸುನಿಲ್, ಪ್ರೇಮ್, ಸುಂದರ್. ಮಲಯಾಳಿಯ ಬದುಕಿನಲ್ಲಿ ತಲೆಮಾರುಗಳ ಭಾರ ಹೊತ್ತಿರುವ ಮನೆಹೆಸರು ಇಲ್ಲಿ ಯಾರ ಬೆನ್ನಿಗೂ ಇಲ್ಲ. ಶೀರ್ಷಿಕೆಯೇ ಹೇಳುವಂತೆ ಎದುರಿಗಿರುವುದು ಜನಜಂಗುಳಿ. ಅದರಲ್ಲಿ ಬಿದ್ದವನಿಗೆ ಊರೂ ಇಲ್ಲ, ಮನೆಯೂ ಇಲ್ಲ, ಇರುವುದು ಪ್ರಶ್ನೆಗಳು ಮಾತ್ರ. ಸ್ವಾತಂತ್ರ್ಯದ ನಂತರದ ವಿದ್ಯಾವಂತ ಪೀಳಿಗೆಯ ನಿರಾಸೆಯನ್ನು ಇಷ್ಟು ಗಂಭೀರವಾಗಿ ಎದುರಿಸಿದ ಕಾದಂಬರಿಗಳು ಕನ್ನಡದಲ್ಲೂ ಹೆಚ್ಚಿಲ್ಲ. ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಈ ತರುಣರು ಯೋಚಿಸುವಷ್ಟು ಉಣ್ಣುವುದಿಲ್ಲ. ಚರ್ಚೆ ಎಲ್ಲಿ ನಿಂತಿತು ಎಂಬುದು ನೆನಪಿರುತ್ತದೆ, ಚಾಪೆ ಎಲ್ಲಿ ಹಾಸಿದ್ದರು ಎಂಬುದು ನೆನಪಿರುವುದಿಲ್ಲ.

ಯಶವಂತ ಚಿತ್ತಾಲರ 'ಶಿಕಾರಿ' (1979) ಇದಕ್ಕೆ ನೇರ ವಿರುದ್ಧ ದಿಕ್ಕಿನಿಂದ ಬರುತ್ತದೆ. ನಾಗಪ್ಪ ಮುಂಬಯಿಗೆ ಹೊಸಬನಲ್ಲ, ಕಂಪನಿಯಲ್ಲಿ ಒಳ್ಳೆಯ ಹುದ್ದೆಯವನು. ಆದರೂ ಕೆಲಸದಿಂದ ದೂರವಿಟ್ಟ ಒಂದು ಪತ್ರ ಬಂದಾಗ ಅವನು ಅಲ್ಲಿ ನೆಲೆಯೂರಿಯೇ ಇಲ್ಲ ಎಂಬುದು ಬಯಲಾಗುತ್ತದೆ. ಅವನನ್ನು ಬೆನ್ನಟ್ಟುವವರಲ್ಲಿ ಫಿರೋಜನಂಥ ಪರನಾಡಿನವರಷ್ಟೇ ಅಲ್ಲ, ಶ್ರೀನಿವಾಸನಂಥ ತನ್ನ ಕಡೆಯವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಕಾದಂಬರಿಯ ಅತ್ಯಂತ ಭಯಾನಕ ಸಂಗತಿ ಇದೇ. ನಗರಕ್ಕೆ ಹೋದವನನ್ನು ನಗರ ನುಂಗುತ್ತದೆ ಎಂದು ಊರಿನ ಹಿರಿಯರು ಹೆದರಿಸುತ್ತಾರೆ. ಚಿತ್ತಾಲರ ಪ್ರಕಾರ ಅವನಿಗಿಂತ ಮೊದಲೇ ಹೋಗಿ ಹೊಂಚಿ ಕೂತಿರುವುದು ಊರು. ರಸಾಯನಶಾಸ್ತ್ರ ಕಲಿತು ಮುಂಬಯಿಯಲ್ಲೇ ಬಾಳಿದ ಚಿತ್ತಾಲರು ಕತೆ ಕತೆಯಲ್ಲೂ ಹನೇಹಳ್ಳಿಗೆ ಮರಳಿದ್ದನ್ನು ಬರಿಯ ತವರುಪ್ರೀತಿ ಎಂದು ಹೊಗಳುವವರು ಈ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕು.

ಜಯಂತ ಕಾಯ್ಕಿಣಿ ಕೂಡ ಅದೇ ಕರಾವಳಿಯವರು, ಗೋಕರ್ಣದವರು; ಜೀವರಸಾಯನಶಾಸ್ತ್ರದ ಪದವಿ ಹಿಡಿದು ಮುಂಬಯಿಗೆ ಹೋದವರು. ಆದರೆ ಅವರ ಕತೆಗಳ ಬಾಗಿಲಲ್ಲಿ ಬೇರೆಯೇ ಹೆಸರುಗಳು: ದಗಡೂ ಪರಬ, ಪೋಪಟ್, ಅಸಾವರಿ ಲೋಖಂಡೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಮದುವೆಯ ಆಮಂತ್ರಣ ಪತ್ರಿಕೆ ಅಚ್ಚು ಮಾಡಿಸಲು ಹೊರಟ ಜೋಡಿಗೆ ಎದುರಾಗುವ ತೊಡಕು, ಅನಾಥನಾಗಿ ಬೆಳೆದ ಪೋಪಟನಿಗೆ ಅಡ್ಡಹೆಸರೇ ಇಲ್ಲ ಎಂಬುದು. ಇಡೀ ಜಾತಿವ್ಯವಸ್ಥೆ, ಇಡೀ ನಗರ ಆ ಒಂದು ಖಾಲಿ ಜಾಗದಲ್ಲಿ ಬಂದು ನಿಲ್ಲುತ್ತದೆ. ಕನ್ನಡದ ಕತೆಗಾರನೊಬ್ಬ ತನ್ನವರನ್ನು ಬಿಟ್ಟು ಪಕ್ಕದ ಚಾಳಿನವರ ಹೆಸರನ್ನು ಕನ್ನಡದಲ್ಲಿ ಬರೆಯತೊಡಗಿದ ದಿನ ಅವನು ಅಲ್ಲಿ ನೆಲೆಯೂರಿದ ಎಂದು ನಾನು ತಿಳಿಯುತ್ತೇನೆ. ಕಾಯ್ಕಿಣಿಯವರ ಮೇಲೂ ನನಗೊಂದು ತಕರಾರಿದೆ. ಅವರ ಮುಂಬಯಿ ಕೆಲವೊಮ್ಮೆ ಅತಿ ದಯಾಳು. ಕೊನೆಗೆ ಯಾರಾದರೂ ಯಾರದಾದರೂ ಕೈ ಹಿಡಿಯುತ್ತಾರೆ. 'ಶಿಕಾರಿ'ಯ ವಿಷವನ್ನು ಕುಡಿದ ಓದುಗನಿಗೆ ಈ ಸಿಹಿ ಪೂರ್ತಿ ಇಳಿಯುವುದಿಲ್ಲ.

ನಮ್ಮ ಜಿಲ್ಲೆಯ ಕಾರಡ್ಕದಿಂದ ಹೊರಟ ಕೆ.ವಿ. ತಿರುಮಲೇಶರು ಹೈದರಾಬಾದಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ಅವರ ಕವಿತೆಯ ಶೀರ್ಷಿಕೆಯೊಂದರಲ್ಲಿ ಪೆಂಟಯ್ಯ ಎಂಬ ತೆಲುಗು ಹೆಸರಿನವನು ತನ್ನ ಅಂಗಿಯ ಸಮೇತ ಹಾಜರಿದ್ದಾನೆ. ಅದೂ ಇಂಥದೇ ಗೃಹಪ್ರವೇಶ.

ಈಗ ನಮ್ಮ ಮನೆಯ ವಿಚಾರ. ಕಾಸರಗೋಡಿನ ಕನ್ನಡ ಪದವೀಧರನ ಹೆಸರು ನಗರಕ್ಕೆ ಹೋದ ಮೇಲೆ ಬದಲಾಗುವುದಲ್ಲ, ಮನೆಯಲ್ಲಿರುವಾಗಲೇ ಎರಡಾಗಿರುತ್ತದೆ. 1956ರ ನವೆಂಬರ್ 1ರ ನಂತರ ಹುಟ್ಟಿದವರಿಗೆ ಇದು ಹೊಸದಲ್ಲ. ಬಸ್ಸಿನ ಫಲಕದಲ್ಲಿ ಮಂಜೇಶ್ವರ 'ಮಂಜೇಶ್ವರಂ' ಆಗುತ್ತದೆ. ಒಂದು ಕಾಗದದಲ್ಲಿ ಒಂದು ಕಾಗುಣಿತ, ಮತ್ತೊಂದರಲ್ಲಿ ಮತ್ತೊಂದು. ತಿರುವನಂತಪುರಕ್ಕೆ ಹೋದರೆ ಅವನ ಮಲಯಾಳ ಕೇಳಿ 'ಕನ್ನಡಿಗನೋ?' ಎನ್ನುತ್ತಾರೆ, ಬೆಂಗಳೂರಿಗೆ ಹೋದರೆ ಊರಿನ ಹೆಸರು ಕೇಳಿ 'ಕೇರಳದವರಾ?' ಎನ್ನುತ್ತಾರೆ. ಊರೆಂಬ ಗಟ್ಟಿ ನೆಲದಿಂದ ನಗರವೆಂಬ ಶೂನ್ಯಕ್ಕೆ ಬಿದ್ದವನ ಪರಕೀಯತೆ ಇವನಿಗೆ ಒಪ್ಪುವುದಿಲ್ಲ. ಆನಂದರ ತರುಣರಂತೆ ಹೆಸರು ಕಳಚಿಕೊಳ್ಳೋಣವೆಂದರೆ ಇವನಿಗೆ ಕಳಚಲು ಒಂದೇ ಹೆಸರಿಲ್ಲ. ನಾಗಪ್ಪನಂತೆ ಊರು ಬೆನ್ನಟ್ಟುತ್ತದೆ ಎಂದರೆ ಯಾವ ಭಾಷೆಯ ಊರು?

ನಮ್ಮ ತರುಣರು ಬರೆದ ಇಂಥ ಕತೆಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಹೆಚ್ಚಿನವು ತಂದೆಯ ಕಾಯಿಲೆಯ ಸುದ್ದಿ ಬಂದು, ನಾಯಕ ಅಡಿಕೆ ತೋಟಕ್ಕೆ ಮರಳಿ, ಕಣ್ಣೊರೆಸಿಕೊಳ್ಳುವಲ್ಲಿ ಮುಗಿಯುತ್ತವೆ. ಉಳಿದವುಗಳಲ್ಲಿ ಬೆಂಗಳೂರಿನ ಮನೆಯೊಡತಿ 'ನೀವು ಮಲಯಾಳಿಗಳಾ?' ಎಂದು ಕೇಳುತ್ತಾಳೆ, ನಾಯಕ ನೊಂದುಕೊಳ್ಳುತ್ತಾನೆ, ಕತೆ ಅಲ್ಲಿಗೆ ನಿಲ್ಲುತ್ತದೆ. ಓದುಗನಾದ ನಾನು ಹೊಸ್ತಿಲಲ್ಲೇ ಉಳಿಯುತ್ತೇನೆ. ಅವನು ಏನು ಉತ್ತರ ಕೊಟ್ಟ? ಕೋಣೆ ಸಿಕ್ಕಿತೇ? ಮುಂಗಡ ಎಷ್ಟು ಕೇಳಿದರು, ಪಕ್ಕದ ಕೋಣೆಯಲ್ಲಿ ಇದ್ದವನ ಹೆಸರೇನು?