ಕ್ರೇನ್ ಹೋಯಿತು, ಎತ್ತರ ಉಳಿಯಿತು: ಕಸುಬು ಬದಲಿಸಿದ ಕಟ್ಟಡ, ಗಾಡಿ, ಸಾಮಾನುಗಳ ಫೋಟೋ ನೋಡುವ ರಸಿಕರಿಗೊಂದು ಕೈಪಿಡಿ

ಪೀಣ್ಯ, ವೈಟ್‌ಫೀಲ್ಡ್ ಕಡೆ ಷಟಲ್ ಕೋರ್ಟುಗಳಾಗಿರುವ ಹಳೆಯ ಕಾರ್ಖಾನೆ ಶೆಡ್ಡುಗಳಿವೆ. ಅಂಥದೊಂದರ ಫೋಟೋ ನಿಮ್ಮ ಮುಂದಿದೆ ಎಂದುಕೊಳ್ಳಿ. ಹಸಿರು ಮ್ಯಾಟು, ಬಿಳಿ ಗೆರೆ, ನೆಟ್ಟು, ಆಡುತ್ತಿರುವ ನಾಲ್ವರು. ಮೊದಲ ನೋಟಕ್ಕೆ ಅದೊಂದು ಆಟದ ಚಿತ್ರ. ಈಗ ಕಣ್ಣನ್ನು ಗೋಡೆ ಪಕ್ಕದ ಕಂಬಗಳ ಮೇಲಕ್ಕೆ ಹತ್ತಿಸಿ. ಛಾವಣಿಗಿಂತ ಸ್ವಲ್ಪ ಕೆಳಗೆ, ಪ್ರತಿ ಕಂಬಕ್ಕೂ ಮಡಿಸಿದ ಮೊಣಕೈಯಂಥ ಒಂದು ಚಾಚು ಕಾಣುತ್ತದೆ. ಅದರ ಮೇಲೆ ಒಂದು ಕಾಲಕ್ಕೆ ಗರ್ಡರ್ ಕೂತಿತ್ತು, ಗರ್ಡರಿನ ಮೇಲೆ ಹಳಿ, ಹಳಿಯ ಮೇಲೆ ಟನ್‌ಗಟ್ಟಲೆ ಭಾರ ಎತ್ತಿಕೊಂಡು ಶೆಡ್ಡಿನ ಉದ್ದಕ್ಕೂ ಓಡಾಡುವ ಕ್ರೇನ್. ಛಾವಣಿ ಅಷ್ಟು ಎತ್ತರವಿರುವುದು ಆ ಕ್ರೇನಿಗಾಗಿ. ನಡುವೆ ಒಂದೂ ಕಂಬವಿಲ್ಲದಿರುವುದು ಯಂತ್ರಗಳ ಸಾಲಿಗಾಗಿ. ಕ್ರೇನ್ ಯಾವತ್ತೋ ಹೋಯಿತು. ಎತ್ತರ ಉಳಿಯಿತು, ಈಗ ಅದೇ ಎತ್ತರದಲ್ಲಿ ಷಟಲ್ ಕಾಕ್ ಹಾರುತ್ತಿದೆ.

ಈ ಬಗೆಯ ಚಿತ್ರಗಳನ್ನು ನೋಡಲು ಕಲಿಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಳೆಯದರಲ್ಲಿ ಯಾವ ಭಾಗ ಇನ್ನೂ ದುಡಿಯುತ್ತಿದೆ? ‘ಹಿಂದೆ ಇದು ಕಾರ್ಖಾನೆ, ಈಗ ಆಟದ ಕೋರ್ಟು’ ಎಂಬ ಸುದ್ದಿಯನ್ನು ಒಂದು ಬೋರ್ಡೂ ಹೇಳುತ್ತದೆ, ಅದಕ್ಕೆ ಫೋಟೋ ಬೇಕಿಲ್ಲ. ಒಳ್ಳೆಯ ಫೋಟೋ ಆ ಎರಡು ಬಾಳು ಒಂದಕ್ಕೊಂದು ತಾಗುವ ಜಾಗವನ್ನು ತೋರಿಸುತ್ತದೆ. ಹಳೆಯವರು ಒಂದು ಕಾರಣಕ್ಕೆ ಮಾಡಿದ್ದನ್ನು ಹೊಸಬರು ಇನ್ನೊಂದು ಕಾರಣಕ್ಕೆ ಬಳಸುತ್ತಿರುವ ಜಾಗ ಅದು. ಅದು ಸಿಕ್ಕರೆ ಚಿತ್ರ ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ಸಿಗದಿದ್ದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೀರಿ.

ಶೆಡ್ಡುಗಳಲ್ಲಿ ನೋಡಲು ಇನ್ನೂ ಬಹಳಷ್ಟಿದೆ. ಕೆಲವು ಹಳೆಯ ಶೆಡ್ಡುಗಳ ಛಾವಣಿ ಗರಗಸದ ಹಲ್ಲಿನ ಹಾಗೆ ಸಾಲಾಗಿ ಏರಿಳಿಯುತ್ತದೆ. ಪ್ರತಿ ಹಲ್ಲಿನ ನೇರ ಬದಿಗೆ ಗಾಜು, ಅದರ ಮುಖ ಉತ್ತರಕ್ಕೆ. ನಮ್ಮ ಕಡೆ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗಾಜಿನಿಂದ ಬಿಸಿಲು ನೇರ ಬೀಳುವುದು ಕಡಿಮೆ, ಸಮನಾದ ಬೆಳಕು ಬರುತ್ತದೆ. ಲೇತಿನ ಮುಂದೆ ನಿಂತು ಮಿಲಿಮೀಟರಿನ ನೂರನೇ ಭಾಗ ಅಳೆಯುವವನ ಕಣ್ಣಿಗೆ ನೆರಳು ಅಡ್ಡ ಬರದಿರಲೆಂದು ಮಾಡಿದ ಏರ್ಪಾಡು ಅದು. ಅಂಥ ಶೆಡ್ಡು ಇಂದು ಚಿತ್ರಶಾಲೆಯೋ ಹೊಲಿಗೆ ಘಟಕವೋ ಆಗಿದ್ದರೆ, ಅದೇ ಬೆಳಕು ಹೊಸಬರಿಗೂ ದುಡಿಯುತ್ತಿದೆ. ಫೋಟೋದಲ್ಲಿ ಮುಖಗಳ ಮೇಲೆ ನೆರಳೆಷ್ಟು ಮೆತ್ತಗಿದೆ ಎಂದು ನೋಡಿ. ಛಾವಣಿ ಚೌಕಟ್ಟಿನಾಚೆ ಉಳಿದರೂ ಬೆಳಕೇ ಅದರ ವಿಷಯ ಹೇಳಿಬಿಡುತ್ತದೆ.

ಇದಕ್ಕೆ ಎದುರಾದದ್ದೂ ಇದೆ. ಹೊಸದಾಗಿ ಕಟ್ಟಿದ ಪಬ್ಬಿನ ಗೋಡೆಗೆ ಗುಜರಿಯಿಂದ ತಂದ ಗೇರುಚಕ್ರ ನೇತುಹಾಕಿ, ಇಟ್ಟಿಗೆ ಕಾಣುವಂತೆ ಪ್ಲಾಸ್ಟರ್ ಕಿತ್ತು, ಪೈಪುಗಳಿಗೆ ಕಪ್ಪು ಬಳಿದಿರುತ್ತಾರೆ. ಫೋಟೋಗೆ ತುಂಬಾ ಒಪ್ಪುತ್ತದೆ. ಆದರೆ ಆ ಚಕ್ರ ಅಲ್ಲಿ ಏನನ್ನೂ ತಿರುಗಿಸಿರಲಿಲ್ಲ, ಈಗಲೂ ತಿರುಗಿಸುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅಲಂಕಾರ. ಅದನ್ನು ಈ ಪ್ರಕಾರಕ್ಕೆ ಸೇರಿಸಿಕೊಂಡರೆ ಕಣ್ಣು ಬೇಗ ಸೋಮಾರಿಯಾಗುತ್ತದೆ. ಹಾಗೆಯೇ ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಹಳೆಯ ಗಾಲಿ, ಅಚ್ಚುಗಳನ್ನು ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತಿದೆ. ಅದ್ಭುತವಾದ ಕೆಲಸ, ಆದರೆ ಕರಗಿದ ಮೇಲೆ ಹಳೆಯ ಆಕಾರ ಉಳಿಯುವುದಿಲ್ಲವಲ್ಲ. ನಮಗೆ ಬೇಕಾದದ್ದು ಆಕಾರ ಉಳಿದು ಕೆಲಸ ಬದಲಾದದ್ದು.

ಇಂಥ ಬದಲಾವಣೆಯನ್ನು ಲಕ್ಷಾಂತರ ಜನ ಒಟ್ಟಿಗೆ ಕಂಡದ್ದು 2020ರಲ್ಲಿ. ತುಮಕೂರು ರಸ್ತೆಯ ಮಾದಾವರದಲ್ಲಿ ಯಂತ್ರೋಪಕರಣ ತಯಾರಕರ ಸಂಘ ಕಟ್ಟಿಸಿದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ಕೊರೋನಾ ಕಾಲದಲ್ಲಿ 10,100 ಹಾಸಿಗೆಗಳಿಗೆಂದು ಯೋಜಿಸಿದ ಆರೈಕೆ ಕೇಂದ್ರವಾಗಿಸಿದರು. ಆಗ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಈಗ ಮತ್ತೆ ತೆಗೆದು ನೋಡಿ. ಬಹುತೇಕ ಎಲ್ಲರೂ ತೆಗೆದದ್ದು ಒಂದೇ ಕೋನ: ಎತ್ತರದಿಂದ, ಕೊನೆಯೇ ಕಾಣದ ಮಂಚಗಳ ಸಾಲು. ಸಂಖ್ಯೆಯ ಅಗಾಧತೆ ಅದರಲ್ಲಿ ಬಂದಿದೆ, ನಿಜ. ಆ ಸಂಖ್ಯೆ ಸಾಧ್ಯವಾದದ್ದೇ ಭಾರೀ ಯಂತ್ರಗಳನ್ನು ಹೊತ್ತ ಲಾರಿ ಒಳಗೇ ಬಂದು ಇಳಿಸಲಿ ಎಂದು ಕಟ್ಟಿದ ಕಂಬವಿಲ್ಲದ ಹಾಲುಗಳಿಂದ. ಆ ಮಂಚಗಳನ್ನು ನೆಲಮಟ್ಟದಿಂದ, ಲಾರಿ ಬರುವ ಆ ದೊಡ್ಡ ಬಾಗಿಲ ಕಡೆಯಿಂದ ತೋರಿಸಿದ ಚಿತ್ರ ಸಿಕ್ಕರೆ ಬಿಡಬೇಡಿ, ಅದು ಹೆಚ್ಚು ಹೇಳುತ್ತದೆ. ಕೇಂದ್ರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಚ್ಚಿತು, ಹಾಲುಗಳು ಪ್ರದರ್ಶನಕ್ಕೆ ಮರಳಿದವು. ಕೆಲವೇ ತಿಂಗಳ ಆ ಬಾಳು ಉಳಿದಿರುವುದು ಚಿತ್ರಗಳಲ್ಲಿ ಮಾತ್ರ.

ಈ ಪ್ರಕಾರದ ಹಿರಿಯರ ಪೈಕಿ ಮೂವರ ಕೆಲಸವನ್ನು ನೋಡಲೇಬೇಕು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರಗಳನ್ನು ಚಿತ್ರಿಸಿದರು. ಯಾವಾಗಲೂ ಮೋಡದ ದಿನ, ಯಾವಾಗಲೂ ನೇರ ಎದುರು ನಿಂತು. ಆಮೇಲೆ ಒಂದೇ ಜಾತಿಯವನ್ನು ಸಾಲುಸಾಲಾಗಿ ಜೋಡಿಸಿ ತೋರಿಸಿದರು. ಹಾಗೆ ಜೋಡಿಸಿದಾಗ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಇರುವ ಸಣ್ಣ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದ ಜೂಲಿಯಾ ಕ್ರಿಸ್ಟೆನ್ಸನ್ ನಮ್ಮ ವಿಷಯಕ್ಕೇ ನೇರ ಬಂದವರು. ವಾಲ್‌ಮಾರ್ಟ್, ಕೆ-ಮಾರ್ಟುಗಳು ಬಿಟ್ಟುಹೋದ ಭಾರೀ ಅಂಗಡಿ ಕಟ್ಟಡಗಳು ಶಾಲೆ, ಚರ್ಚು, ಮ್ಯೂಸಿಯಂ ಆದದ್ದನ್ನು ಊರೂರು ಸುತ್ತಿ ದಾಖಲಿಸಿದರು. ಆ ದಾಖಲೆಯ ಪುಸ್ತಕ ‘ಬಿಗ್ ಬಾಕ್ಸ್ ರೀಯೂಸ್’ 2008ರಲ್ಲಿ ಬಂತು. ಬೆಕರ್ ದಂಪತಿಯಿಂದ ನಿಲ್ಲುವ ಶಿಸ್ತನ್ನು ಕಲಿಯಬಹುದು, ಕ್ರಿಸ್ಟೆನ್ಸನ್ ಅವರಿಂದ ಕೇಳುವ ಪ್ರಶ್ನೆಗಳನ್ನು. ಬೆಂಗಳೂರಿಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕು ಧಾರಾಳ. ತಗಡು, ಕಾಂಕ್ರೀಟಿನ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ವೈಟ್‌ಫೀಲ್ಡಿಗೆ ಬಂದರೆ ನೋಡಬೇಕಾದದ್ದು ಕಂಟೇನರು. ರೈಲು ನಿಲ್ದಾಣದ ಪಕ್ಕದಲ್ಲೇ ಒಳನಾಡು ಕಂಟೇನರ್ ಡಿಪೋ ಇದೆ. ಸುತ್ತಲಿನ ಸೈಟುಗಳಲ್ಲಿ ಆಯಸ್ಸು ಮುಗಿದ ಪೆಟ್ಟಿಗೆಗಳು ಆಫೀಸು, ಸೆಕ್ಯುರಿಟಿ ಕೋಣೆ, ಕಾಫಿ ಅಂಗಡಿಗಳಾಗಿವೆ. ಇಪ್ಪತ್ತು ಅಡಿ ಅಥವಾ ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲ. ಪಕ್ಕದ ತಗಡು ಅಲೆಅಲೆಯಾಗಿರುವುದು ಅಂದಕ್ಕಲ್ಲ, ತೆಳು ತಗಡಿಗೆ ಬಲ ಬರುವುದೇ ಆ ಅಲೆಯಿಂದ. ಅಲ್ಲಿ ಕಿಟಕಿ ಕೊಯ್ದರೆ ಬಲ ಕುಂದುತ್ತದೆ. ಹಾಗಾಗಿ ವೆಲ್ಡಿಂಗಿನವರು ಕೊಯ್ದ ಬಾಯಿಗೆ ಚೌಕ ಪೈಪಿನ ಚೌಕಟ್ಟು ಕೂರಿಸುತ್ತಾರೆ. ಒಳ್ಳೆಯ ಫೋಟೋದಲ್ಲಿ ಆ ಬೆಸುಗೆ ಕಾಣಬೇಕು. ಭಾರವೆಲ್ಲ ಮೂಲೆಗಳ ಎರಕದ ಗಟ್ಟಿಗಳ ಮೇಲೆ ಬೀಳುತ್ತದೆ. ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಲು ಮಾಡಿದ ಆ ಮೂಲೆಗಳೇ ಇಂದು ಎರಡಂತಸ್ತಿನ ಸೈಟ್ ಆಫೀಸನ್ನು ಹೊತ್ತಿವೆ. ಇನ್ನು ಪಕ್ಕೆಯ ನಾಲ್ಕು ಅಕ್ಷರ, ಏಳು ಅಂಕಿಗಳ ಗುರುತು: ಮೊದಲ ಮೂರು ಅಕ್ಷರ ಮಾಲೀಕರದು, ಕೊನೆಯ ಅಂಕಿ ಉಳಿದವು ಸರಿಯಿವೆಯೇ ಎಂದು ತಾಳೆ ನೋಡಲು. ಮೇಲೆ ಬಣ್ಣ ಬಳಿದಿದ್ದರೂ ಇಳಿಬಿಸಿಲಿನಲ್ಲಿ ಅದರ ಅಂಚು ಎದ್ದು ಕಾಣುವುದುಂಟು. ಕಂಟೇನರಿನ ವಿಷಯಕ್ಕೆ ಮಾತ್ರ ಮೋಡದ ದಿನ ಬಿಟ್ಟು ಸಂಜೆ ಐದರ ಬಿಸಿಲಿಗೆ ಹೋಗಿ.

ಗಾಡಿಗಳಲ್ಲಿ ಹೆಸರಾದದ್ದು ಕೆ.ಎಸ್.ಆರ್.ಟಿ.ಸಿ.ಯ ‘ಸ್ತ್ರೀ ಶೌಚಾಲಯ’. ಗುಜರಿ ಸೇರಬೇಕಿದ್ದ ಬಸ್ಸನ್ನು ಮಹಿಳೆಯರ ಶೌಚಾಲಯ ಮಾಡಿ 2020ರ ಆಗಸ್ಟಿನಲ್ಲಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿದರು. ಮಗುವಿಗೆ ಹಾಲೂಡಿಸಲೂ ಅದರಲ್ಲಿ ಜಾಗವಿತ್ತು. ಹೊರಗಿನಿಂದ ತೆಗೆದರೆ ಅದು ಬಣ್ಣ ಬಳಿದ ಬಸ್ಸು, ಅಷ್ಟೆ. ಬದಲಾವಣೆ ಇರುವುದು ಒಳಗೆ, ಕಂಡಕ್ಟರ್ ಓಡಾಡುತ್ತಿದ್ದ ಓಣಿಯಲ್ಲಿ. ಆ ಚಿತ್ರವನ್ನು ಖಾಲಿಯಿದ್ದಾಗ, ಅನುಮತಿ ಪಡೆದು, ಹೆಣ್ಣುಮಕ್ಕಳೇ ತೆಗೆಯಬೇಕು. ಉಳಿದವರು ಅವರು ತೆಗೆದದ್ದನ್ನು ನೋಡಿದರೆ ಸಾಕು. ಮರುವರ್ಷ ಅದೇ ಸಂಸ್ಥೆ ಬಸ್ಸಿನಲ್ಲಿ ಐ.ಸಿ.ಯು. ಹಾಸಿಗೆಗಳನ್ನೂ ಅಳವಡಿಸಿತು.

ಮನೆ ಪಿ.ಜಿ. ಆದದ್ದನ್ನು ಯಾರೂ ಫೋಟೋ ತೆಗೆಯಲು ಯೋಗ್ಯವೆಂದು ಭಾವಿಸುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಅದರ ಸುತ್ತಲಿನ ಹಳ್ಳಿಗಳಲ್ಲಿ ಅತಿ ಹೆಚ್ಚು ನಡೆದಿರುವ ರೂಪಾಂತರ ಇದೇ ಇರಬೇಕು. ನಡುಮನೆಯನ್ನು ಪ್ಲೈವುಡ್ಡಿನಿಂದ ಎರಡು ಕೋಣೆ ಮಾಡಿದಾಗ ಒಂದು ಕಿಟಕಿ ಅರ್ಧ ಅತ್ತ, ಅರ್ಧ ಇತ್ತ ಹೋಗುತ್ತದೆ. ಆ ಅರ್ಧ ಕಿಟಕಿಯ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದ ಹುಡುಗನ ಚಿತ್ರ ಈ ಊರಿನ ಬಗ್ಗೆ ಗಾಜಿನ ಕಟ್ಟಡಗಳ ನೂರು ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ.

ಸಾಮಾನುಗಳಲ್ಲಿ ನನ್ನ ಮೆಚ್ಚಿನದು ಎಣ್ಣೆಯ ಡ್ರಮ್ಮು. ನೆಲದ ಮೇಲೆ ಉರುಳಿಸಲೆಂದೇ ಅದರ ಹೊಟ್ಟೆಗೆ ಎರಡು ಉಬ್ಬು ಪಟ್ಟಿಗಳಿರುತ್ತವೆ. ಪೀಣ್ಯದ ಸುತ್ತ ಅದು ಒಲೆಯಾಗುತ್ತದೆ, ನೀರಿನ ತೊಟ್ಟಿಯಾಗುತ್ತದೆ, ರಸ್ತೆಗೆ ಅಡ್ಡ ನಿಲ್ಲುತ್ತದೆ. ಕೊನೆಗೆ ಉದ್ದಕ್ಕೆ ಸೀಳಿ ಬಡಿದು ಚಪ್ಪಟೆ ಮಾಡಿದರೆ ಗೂಡಂಗಡಿಯ ಗೋಡೆ. ಆಗಲೂ ಆ ಎರಡು ಪಟ್ಟಿಗಳ ಗೆರೆ ತಗಡಿನಲ್ಲಿ ಹಾಗೇ ಇರುತ್ತದೆ. ಅದನ್ನು ಗುರುತಿಸಿದ ದಿನ ನಿಮ್ಮ ಕಣ್ಣು ಪಳಗಿತೆಂದೇ ಲೆಕ್ಕ.

ಒಂದು ಜಾಗದಲ್ಲಿ ಎಚ್ಚರವಿರಲಿ. ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹಳೆಯ ಫ್ಲೆಕ್ಸು ಛಾವಣಿ. ನಾಯಕರೊಬ್ಬರ ನಗುಮುಖ ತಲೆಕೆಳಗಾಗಿ ಕಾಣುತ್ತದೆಂದು ಜನ ತಮಾಷೆಗೆ ಫೋಟೋ ತೆಗೆಯುತ್ತಾರೆ. ಆ ಮುಖ ಬಿಟ್ಟು ಕೆಳಗೆ ನೋಡಿ. ಪ್ಲಾಸ್ಟಿಕ್ ಲೇಪದ ಬಟ್ಟೆ ಮಳೆ ತಡೆಯುತ್ತದೆಂದು ತಿಳಿದು, ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲು ಸುತ್ತಿ ಗಂಟು ಹಾಕಿದ ಕೈ ಯಾರದು? ಚಿತ್ರ ಆ ಗಂಟಿನದಾಗಿರಬೇಕು, ಅದೂ ಮನೆಯವರು ಒಪ್ಪಿದರೆ. “ಅಕ್ಕ, ಈ ಗಂಟಿನ ಫೋಟೋ ತಗೊಳ್ಲಾ?” ಎಂದು ಕೇಳಿ. ಬೇಡವೆಂದರೆ ಕ್ಯಾಮೆರಾ ಒಳಗಿಡಿ. ಅವರಿಗೆ ಬೇರೆ ಸೂರು ಸಿಕ್ಕಿದ್ದರೆ ಅಲ್ಲಿರುತ್ತಿರಲಿಲ್ಲ.

ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಸಂಸ್ಥೆಯ ಹಿರಿಯ ಅಧಿಕಾರಿಗಳ ವಾಸಕ್ಕಿದ್ದ ಬಂಗಲೆ 2019ರಲ್ಲಿ ಸಂಗ್ರಹಾಲಯವಾಯಿತು. ಕೋಣೆಗಳು ಮನೆಯ ಅಳತೆಯವೇ. ಒಂದೊಂದು ಕೈಗಡಿಯಾರವನ್ನೂ ಹತ್ತಿರ ಹೋಗಿ ನೋಡುವಂತಾಗಿರುವುದು ಅದರಿಂದ. ದೊಡ್ಡ ಹಾಲಿನಲ್ಲಿಟ್ಟಿದ್ದರೆ ಅವು ಕಳೆದುಹೋಗುತ್ತಿದ್ದವು. ಸುತ್ತಮುತ್ತ ವಾಯುಪಡೆ, ಬಿ.ಇ.ಎಲ್. ಪ್ರದೇಶಗಳಿವೆ, ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ.

ಹೊಸಬರಿಗೆ ಶುರುಮಾಡಲು ಹಸಿರು ಮಾರ್ಗದ ಮೆಟ್ರೋ ಒಳ್ಳೆಯದು. ಯಶವಂತಪುರ ದಾಟಿದ ಮೇಲೆ ಪೀಣ್ಯದ ಛಾವಣಿಗಳೆಲ್ಲ ಕಿಟಕಿಯ ಕೆಳಗೇ ಹಾದುಹೋಗುತ್ತವೆ. 2024ರ ನವೆಂಬರಿನಿಂದ ಮಾರ್ಗ ಮಾದಾವರದವರೆಗೂ ಹೋಗುತ್ತದೆ. ಗಾಡಿಯಲ್ಲಿ ಕೂತು ಬರೀ ನೋಡಿ: ಯಾವ ಶೆಡ್ಡಿನ ಚಿಮಣಿಯಲ್ಲಿ ಹೊಗೆಯಿಲ್ಲ, ಯಾವ ಶೀಟಿನ ಮೇಲೆ ಟೈರು ಹೇರಿದ್ದಾರೆ, ಯಾವ ಕಾರ್ಖಾನೆಯ ಗೇಟಿನ ಮುಂದೆ ಮಕ್ಕಳ ಸೈಕಲ್ ನಿಂತಿವೆ. ಗುರುತು ಹಾಕಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಹೋಗಿ. ಗೇಟಿನ ಕಾವಲುಗಾರರಿಗೆ ಸಾಮಾನ್ಯವಾಗಿ ಕಟ್ಟಡದ ಮೊದಲ ಕಸುಬು ಗೊತ್ತಿರುತ್ತದೆ, ಕೇಳಿ ಬರೆದುಕೊಳ್ಳಿ. ಫೋಟೋದ ಕೆಳಗೆ ಮೂರು ವಿಷಯ ಇರಲಿ: ಮೊದಲು ಏನಿತ್ತು, ಈಗ ಏನಾಗಿದೆ, ತೆಗೆದ ವರ್ಷ ಯಾವುದು. ಈ ವಲಯದಲ್ಲಿ ಬಾಡಿಗೆ ಕರಾರು ಮುಗಿದರೆ ಕಟ್ಟಡಕ್ಕೆ ಮೂರನೆಯ ಕಸುಬು ಬರುತ್ತದೆ. ಆಗ ಅದೇ ಜಾಗದಲ್ಲಿ, ಅದೇ ದೂರದಲ್ಲಿ ನಿಂತು ಇನ್ನೊಂದು ತೆಗೆಯಿರಿ.