ಮರದ ಮೇಲಿನ ಜರತಾರಿ: ರೋಲ್ಡಾನಳ ಸಂತ ಹಿನೇಸ್

ಸ್ಪೇನಿನ ಬರೋಕ್ ಶಿಲ್ಪಿ ಲೂಯಿಸಾ ರೋಲ್ಡಾನ್ (1652–1706) ಸುಮಾರು 1692ರಲ್ಲಿ ಕಡೆದ, ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿರುವ ಸಂತ ಹಿನೇಸ್ ದೆ ಲಾ ಹಾರಾನ ಆಳೆತ್ತರದ ಮರದ ವಿಗ್ರಹವು ಮೊದಲ ನೋಟಕ್ಕೆ ಜರತಾರಿ ನಿಲುವಂಗಿ ತೊಟ್ಟ ಸನ್ಯಾಸಿಯಂತೆ ಕಾಣುತ್ತದೆ. ಆದರೆ ಅಲ್ಲಿ ಬಟ್ಟೆಯ ಎಳೆಯೊಂದೂ ಇಲ್ಲ. ಎಸ್ತೊಫಾದೊ ಎಂಬ ವಿಧಾನದಲ್ಲಿ ಮರಕ್ಕೆ ಅಂಟು ಬೆರೆಸಿದ ಬಿಳಿಯ ಲೇಪವನ್ನೂ ಅದರ ಮೇಲೆ ಕೆಂಪು ಜೇಡಿಯನ್ನೂ ಬಳಿದು, ಚಿನ್ನದ ರೇಕು ಕೂರಿಸಿ, ಉಜ್ಜಿ ಹೊಳಪೇರಿಸಿ, ಅದನ್ನೆಲ್ಲ ಬಣ್ಣದಿಂದ ಮುಚ್ಚಿದ ಬಳಿಕ, ಮೊನಚು ಕಡ್ಡಿಯಿಂದ ಬಣ್ಣವನ್ನಷ್ಟೇ ಕೆರೆದು ಅಡಿಯ ಚಿನ್ನವನ್ನು ಹೂಬಳ್ಳಿಯಾಗಿ ಹೊರತರಲಾಗುತ್ತದೆ. ಕೈ ತುಸು ಬಿಗಿಯಾದರೆ ರೇಕೇ ಹರಿಯುವಂಥ ಈ ಕೆಲಸದಲ್ಲಿ ಅಪಾರ ಸಂಯಮ ಬೇಕು. ಬಣ್ಣಗಾರಿಕೆಯನ್ನು ಲೂಯಿಸಾಳ ಮೈದುನ ತೋಮಾಸ್ ದೆ ಲೋಸ್ ಆರ್ಕೋಸ್ ಮಾಡಿದನೆಂದು ಹೇಳಲಾಗಿದೆ.

ಇಷ್ಟೆಲ್ಲ ಬಂಗಾರದ ನಡುವೆಯೂ ಕಣ್ಣು ನೆಲೆಗೊಳ್ಳುವುದು ಮುಖದಲ್ಲಿ: ನೆರಿಗೆಗಟ್ಟಿದ ಹುಬ್ಬು, ಗಾಜಿನ ಕಣ್ಣು, ಬೋಧಿಸುತ್ತಿರುವಂತೆ ತೆರೆದ ತುಟಿ. ದಂತಕಥೆಯ ಪ್ರಕಾರ ಶಿರಚ್ಛೇದಕ್ಕೊಳಗಾದ ಈ ಸಂತನ ತಲೆ ರೋನ್ ನದಿಯಿಂದ ಸಮುದ್ರಕ್ಕಿಳಿದು ಮುರ್ಸಿಯಾದ ತೀರ ಸೇರಿತಂತೆ; ಆ ಕ್ರೌರ್ಯವನ್ನು ಬಿಟ್ಟು ಮಾತಿನ ಕ್ಷಣವನ್ನು ಆರಿಸಿಕೊಂಡದ್ದೇ ಶಿಲ್ಪಿಯ ಹಿರಿಮೆ. ಎರಡನೆಯ ಕಾರ್ಲೋಸ್ ದೊರೆಯ ಆಸ್ಥಾನ ಶಿಲ್ಪಿಯಾಗಿದ್ದ ಆಕೆ ಕೊನೆಗೆ ಬಡತನದಲ್ಲೇ ತೀರಿಕೊಂಡಳು.